ಅಬ್ಬಿ ನಿಂತ ವರ್ಷ

2024ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನನ್ನ ತವರು ಮನೆಯ ಅಂಗಳಕ್ಕೆ ನೀರಿನ ಟ್ಯಾಂಕರ್ ಬಂತು. ಅಮ್ಮ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಪೈಪ್ ಹಿಡಿದಿದ್ದ ಹುಡುಗ ಡ್ರಮ್ ತುಂಬಿಸಿದ, ಬಚ್ಚಲ ಹಂಡೆ ತುಂಬಿಸಿದ, "ಇನ್ನೇನಾದ್ರೂ ಪಾತ್ರೆ ಇದ್ರೆ ತನ್ನಿ ಅಮ್ಮಾ" ಅಂದ. ಅಮ್ಮ ಒಳಗೆ ಹೋಗಿ ತಾಮ್ರದ ಕೊಡ ತಂದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದೇ ಕೊಡದಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದ ಒರತೆಯ ನೀರು ಹಿಡಿದವಳು. ಟ್ಯಾಂಕರಿನ ನೀರು ಅದರೊಳಗೆ ಬೀಳುವುದನ್ನು ನೋಡುತ್ತಾ ನಿಂತಳು. ಕೊಡ ತುಂಬಿ ಹೊರಗೆ ಚೆಲ್ಲಿತು. ಆಗಲೂ ಅವಳಿಗೆ ಸಾಕು ಅನ್ನಲು ನೆನಪಾಗಲಿಲ್ಲ.

ನಮ್ಮೂರು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಹುಲಿಕಲ್ಲು, ಮಾಣಿ, ನಗರ. ಮಳೆಗಾಲದಲ್ಲಿ ಪೇಪರ್ ಓದುವವರಿಗೆಲ್ಲ ಈ ಹೆಸರುಗಳು ಗೊತ್ತಿರುತ್ತವೆ. ನಿನ್ನೆ ಎಷ್ಟು ಮಿಲಿಮೀಟರ್ ಮಳೆಯಾಯಿತು ಅನ್ನುವ ಪಟ್ಟಿಯಲ್ಲಿ ಇವು ಆಗುಂಬೆಯ ಅಕ್ಕಪಕ್ಕದಲ್ಲೇ ಇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ನಮ್ಮ ಮನೆಯ ಹತ್ತಿರ ಅಷ್ಟಿಲ್ಲ. ಆದರೂ ಒಳ್ಳೆಯ ವರ್ಷದಲ್ಲಿ 3,000ಕ್ಕೆ ಮೋಸವಿಲ್ಲ. ನಾನು ಈಗ ಇರುವ ಶಿವಮೊಗ್ಗ ಪೇಟೆಯಲ್ಲಿ ಇದರ ಮೂರನೇ ಒಂದು ಪಾಲು ಮಳೆ ಬಂದರೆ ಹೆಚ್ಚು.

ಆವತ್ತು ಟ್ಯಾಂಕರ್ ಹೋದ ಮೇಲೆ ಜಗಲಿಯಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಮನೆಯ ಹಂಚಿನ ಮಾಡು ಸುಮಾರು 1,500 ಚದರ ಅಡಿ, ಅಂದರೆ ಹತ್ತಿರ ಹತ್ತಿರ 140 ಚದರ ಮೀಟರ್. 3,000 ಮಿಲಿಮೀಟರ್ ಮಳೆಗೆ ಬರೀ ಮಾಡಿನ ಮೇಲೆ ಬೀಳುವ ನೀರೇ ನಾಲ್ಕು ಲಕ್ಷ ಲೀಟರಿಗಿಂತ ಜಾಸ್ತಿ. ಆವತ್ತು ಬಂದಿದ್ದು 5,000 ಲೀಟರಿನ ಟ್ಯಾಂಕರ್. ಎಂಬತ್ತು ಟ್ಯಾಂಕರ್ ನೀರು ನಮ್ಮ ಹಂಚಿನಿಂದ ಇಳಿದು, ಅಂಗಳ ದಾಟಿ, ತೋಟಕ್ಕಿಳಿದು, ಹಳ್ಳ ಸೇರಿ ಹೋಗಿತ್ತು. ಹಿಂದಿನ ಗುಡ್ಡದ ಲೆಕ್ಕ ಇನ್ನೂ ದೊಡ್ಡದು. ಒಂದು ಎಕರೆಗೆ 1.2 ಕೋಟಿ ಲೀಟರ್. ಇಷ್ಟು ನೀರಿನ ಕೆಳಗೆ ಮನೆ ಕಟ್ಟಿಕೊಂಡು ನಾವು ಒಂದು ಟ್ಯಾಂಕರಿಗೆ ಎರಡು ದಿನ ಕಾದಿದ್ದೆವು.

2023ರಲ್ಲಿ ಮಳೆ ಕೈಕೊಟ್ಟಿತ್ತು, ನಿಜ. ಎಲ್ ನಿನೋ ವರ್ಷ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳೂ ಇದ್ದವು. ಶರಾವತಿಗೆ ಕಟ್ಟಿದ 151 ಟಿಎಂಸಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಲೇ ಇಲ್ಲ. ಆದರೆ ನಮ್ಮ ಅಬ್ಬಿ ನಿಂತಿದ್ದಕ್ಕೆ ಆ ಒಂದು ವರ್ಷವನ್ನು ದೂರಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ಅಬ್ಬಿ ನಿಲ್ಲಲು ಶುರುವಾಗಿ ಇಪ್ಪತ್ತು ವರ್ಷವಾದರೂ ಆಗಿತ್ತು. ನಾವು ನೋಡಿರಲಿಲ್ಲ, ಅಷ್ಟೆ.

ಅಬ್ಬಿ ಅಂದರೆ ಹೊರಗಿನವರು ಜಲಪಾತ ಅಂದುಕೊಳ್ಳುತ್ತಾರೆ. ನಮಗೆ ಅದು ಮನೆಯ ನೀರು. ಗುಡ್ಡದ ಸಂದಿಯಲ್ಲಿ ಒಂದು ಒರತೆ. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಗಳನ್ನು ಒಂದರ ಬಾಯಿಗೆ ಒಂದು ಸೇರಿಸಿ, ಕವೆಗೋಲಿನ ಮೇಲೆ ಕೂರಿಸಿ, ನೀರನ್ನು ಮನೆಯ ಹಿತ್ತಿಲ ತನಕ ತರುತ್ತಿದ್ದರು. ಕೊನೆಯ ದಬ್ಬೆಯಿಂದ ಕಲ್ಲಿನ ಮರಿಗೆಗೆ ನೀರು ಬೀಳುತ್ತಿತ್ತು. ಹಗಲು ರಾತ್ರಿ ಬೀಳುತ್ತಿತ್ತು. ಆ ಸದ್ದು ಇಲ್ಲದ ಮನೆಯನ್ನು ಚಿಕ್ಕಂದಿನಲ್ಲಿ ನಾನು ಊಹಿಸಿಕೊಂಡವಳೇ ಅಲ್ಲ. ಆಮೇಲೆ ದಬ್ಬೆ ಹೋಗಿ ಕಪ್ಪು ಪೈಪು ಬಂತು. ಪೈಪಿನ ತುದಿಗೆ ನಲ್ಲಿ ಬಂತು. ನಲ್ಲಿ ನಿಲ್ಲಿಸಿದಾಗ ಸದ್ದೂ ನಿಂತಿತು. ನೀರು ಕಮ್ಮಿಯಾಗುತ್ತಿರುವುದು ತಿಳಿಯದೇ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಆ ಒರತೆಗೆ ನೀರು ಎಲ್ಲಿಂದ ಬರುತ್ತಿತ್ತು? ನಮ್ಮ ಕಡೆಯ ಊರುಗಳ ಅಂದಾಜು ಒಂದೇ ಥರ. ಗುಡ್ಡದ ನೆತ್ತಿಯಲ್ಲಿ ಕಾನು, ಅಂದರೆ ದಟ್ಟ ಕಾಡು. ಕಾನಿನ ಕೆಳಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಒಂದಷ್ಟು ಬ್ಯಾಣ, ಅಂದರೆ ಹುಲ್ಲುಗಾವಲು. ಅದರ ಕೆಳಗೆ ಮನೆ. ಮನೆಯ ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಹಳ್ಳ. ಮೇಲಿನದು ಕುಡಿದು ಬಿಟ್ಟಿದ್ದನ್ನು ಕೆಳಗಿನದು ಕುಡಿಯುತ್ತಿತ್ತು. ಕಾನಿನಲ್ಲಿ ಮಳೆ ನೇರವಾಗಿ ನೆಲಕ್ಕೆ ಹೊಡೆಯುವುದಿಲ್ಲ. ಎಲೆಯಿಂದ ಎಲೆಗೆ ಇಳಿದು ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಬೀಳುತ್ತದೆ. ದರಕಿನ ಕೆಳಗೆ ಬೇರು ಕೊಳೆತ ಜಾಗ, ಗೆದ್ದಲು ಕೊರೆದ ಜಾಗ, ಎರೆಹುಳ ಓಡಾಡಿದ ಜಾಗ. ಅಲ್ಲಿಂದ ಕೆಳಗಿನ ಜಂಬಿಟ್ಟಿಗೆ ಕಲ್ಲಿನ ತೂತುಗಳಿಗೆ ನೀರು ಇಳಿಯುತ್ತದೆ. ಅಲ್ಲಿ ತಿಂಗಳುಗಟ್ಟಲೆ ತಂಗುತ್ತದೆ. ಇನ್ನೂ ಕೆಳಗೆ ಶೇಡಿ ಮಣ್ಣಿನ ಪದರ ಇದೆ. ಅದರಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ಹಾಗಾಗಿ ಅಡ್ಡ ಹರಿದು, ಎಲ್ಲಿ ಸಂದಿ ಸಿಕ್ಕಿತೋ ಅಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಆಶ್ಲೇಷದಲ್ಲಿ ಬಿದ್ದ ಮಳೆ ಮಾರ್ಚಿನಲ್ಲಿ ನಮ್ಮ ಮರಿಗೆಗೆ ಬೀಳುತ್ತಿದ್ದದ್ದು ಹೀಗೆ.

ಟ್ಯಾಂಕರ್ ಬಂದ ವರ್ಷದ ಮೊದಲ ಮಳೆ ಬೀಳುವ ಮುಂಚೆ ನಾನು ಮತ್ತು ತಮ್ಮ ಗುಡ್ಡ ಹತ್ತಿದೆವು. ಕೈಯಲ್ಲಿ ತಳ ಕತ್ತರಿಸಿದ ಒಂದು ಪೇಂಟ್ ಡಬ್ಬ, ಒಂದು ಕ್ಯಾನ್ ನೀರು. ಡಬ್ಬವನ್ನು ನೆಲಕ್ಕೆ ಒತ್ತಿ ಕೂರಿಸುವುದು, ಒಂದು ಲೀಟರ್ ನೀರು ಸುರಿಯುವುದು, ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ನೋಡುವುದು. ಕಾನಿನ ಒಳಗೆ ದರಕು ಸರಿಸಿ ಡಬ್ಬ ಕೂರಿಸಿದೆವು. ನೆಲ ಕಪ್ಪಗಿತ್ತು, ಬೆರಳು ಚುಚ್ಚಿದರೆ ಒಳಗೆ ಹೋಗುತ್ತಿತ್ತು. ಏಪ್ರಿಲ್ ಕೊನೆಯಲ್ಲೂ ಒಂಚೂರು ತಂಪು. ನೀರು ಸುರಿದು ಕ್ಯಾನಿನ ಮುಚ್ಚಳ ಹಾಕುವಷ್ಟರಲ್ಲಿ ಡಬ್ಬ ಖಾಲಿ. ತಮ್ಮ ನಂಬಲಿಲ್ಲ, ಇನ್ನೊಂದು ಲೀಟರ್ ಸುರಿದ. ಅದೂ ಹೋಯಿತು.

ಅಲ್ಲಿಂದ ಕೆಳಗೆ ಬ್ಯಾಣಕ್ಕೆ ಬಂದೆವು. ಈಗ ಅದು ಬ್ಯಾಣವಲ್ಲ, ಅಕೇಶಿಯಾ ತೋಪು. ಬಿದ್ದ ಎಲೆ ಒಣಗಿ ಒಂದರ ಮೇಲೊಂದು ಹಾಸಿಕೊಂಡಿತ್ತು. ಎಲೆ ಸರಿಸಿದರೆ ಕೆಳಗೆ ಗಟ್ಟಿ ಕೆಂಪು ನೆಲ. ಡಬ್ಬ ಕೂರಿಸಲು ಕಲ್ಲಿನಿಂದ ಬಡಿಯಬೇಕಾಯಿತು. ಒಂದು ಲೀಟರ್ ಇಳಿಯಲು ಎಷ್ಟೋ ನಿಮಿಷ ಕಾದೆವು. ಕೊನೆಗೆ ಮನೆಯ ಹಿಂದೆ ಜೆಸಿಬಿ ಓಡಾಡಿದ ಜಾಗದಲ್ಲಿ ಡಬ್ಬ ಇಟ್ಟು ನೀರು ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬಂದೆವು. ನೀರು ಹಾಗೇ ಇತ್ತು. ಒಂದು ಇರುವೆ ತೇಲುತ್ತಿತ್ತು.

ಇದನ್ನು ವಿಜ್ಞಾನಿಗಳು ನಮಗಿಂತ ಸರಿಯಾಗಿ ಅಳೆದಿದ್ದಾರೆ. ಪಕ್ಕದ ಉತ್ತರ ಕನ್ನಡದಲ್ಲಿ ಸಹಜ ಕಾಡು, ಅಕೇಶಿಯಾ ತೋಪು, ಬೋಳು ನೆಲ ಈ ಮೂರರ ಕೆಳಗೂ ನೀರು ಇಂಗುವ ವೇಗ ನೋಡಿದ ಅಧ್ಯಯನಗಳಿವೆ. ಒಮ್ಮೆ ಕೆಟ್ಟ ನೆಲದಲ್ಲಿ ಅಕೇಶಿಯಾ ನೆಟ್ಟರೆ ಅದು ಸ್ವಲ್ಪ ಸುಧಾರಿಸುತ್ತದೆ, ಆದರೆ ಕಾಡಿನ ನೆಲದಷ್ಟು ಆಗುವುದಿಲ್ಲ ಅನ್ನುವುದು ಅವುಗಳ ಸಾರ. ಅಕೇಶಿಯಾ ಒಂದೇ ಎಲ್ಲದಕ್ಕೂ ಕಾರಣ ಅಂತ ನಾನು ಹೇಳುವುದಿಲ್ಲ. ನಮ್ಮ ಬ್ಯಾಣ ಅದಕ್ಕೂ ಮೊದಲೇ ಬೋಳಾಗಿತ್ತು. ಅಪ್ಪಯ್ಯನ ಕಾಲದಲ್ಲೇ ಸೊಪ್ಪು ಕಡಿದದ್ದು ಜಾಸ್ತಿಯಾಗಿತ್ತು. ಮರ ಚಿಗುರಲು ಬಿಡುವು ಕೊಡಬೇಕಿತ್ತು, ಕೊಡಲಿಲ್ಲ. ಆಮೇಲೆ ಅಡಿಕೆಗೆ ರೇಟು ಬಂತು. ತೋಟ ಗದ್ದೆಗೆ ಇಳಿಯಿತು, ಗುಡ್ಡಕ್ಕೂ ಹತ್ತಿತು. ಗದ್ದೆಯಲ್ಲಿ ನಾಲ್ಕು ತಿಂಗಳು ನಿಲ್ಲುತ್ತಿದ್ದ ನೀರು ಬಸಿಗಾಲುವೆಯಲ್ಲಿ ಓಡಿಹೋಗಲು ಶುರುವಾಯಿತು. ತೋಟಕ್ಕೆ ನೀರು ಸಾಲದೆ ಬೋರ್ ಕೊರೆಸಿದರು. ನಮ್ಮ ಕಡೆ ನೀರು ಹೆಚ್ಚಾಗಿ ಮೇಲಿನ ಸಡಿಲ ಪದರದಲ್ಲೇ ಇರುವುದು. ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಬರೀ ಧೂಳು. ಇದು ಗೊತ್ತಿದ್ದೂ ಒಂದೊಂದು ಮನೆಯವರು ಮೂರು ಮೂರು ಬೋರ್ ಹೊಡೆಸಿದ್ದಾರೆ.

ಇಷ್ಟು ನೀರಿಲ್ಲದ ಕಥೆ. ಇನ್ನೊಂದು ಕಥೆ ನೀರು ಜಾಸ್ತಿಯಾದದ್ದು. ನಮ್ಮ ಮನೆಯಲ್ಲಿ ಎರಡೂ ಒಂದೇ ಗುಡ್ಡದಿಂದ ಬಂದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2016ರಲ್ಲಿ ತಮ್ಮ ಕಾರು ತಗೊಂಡ. ನಿಲ್ಲಿಸಲು ಜಾಗ ಇರಲಿಲ್ಲ. ಮನೆಯ ಹಿಂದಿನ ದರೆಯನ್ನು, ಅಂದರೆ ಗುಡ್ಡದ ಅಂಚಿನ ಮಣ್ಣಿನ ದಿಬ್ಬವನ್ನು ಜೆಸಿಬಿಯಿಂದ ಕಡಿಸಿ ಅಂಗಳ ಅಗಲ ಮಾಡಿದೆವು. ಎರಡು ದಿನದ ಕೆಲಸ. ದರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತು. ಮೇಲೆ ಕೆಂಪು ಮಣ್ಣು, ಮಧ್ಯೆ ಜಂಬಿಟ್ಟಿಗೆ, ಬುಡದಲ್ಲಿ ಬೆಳ್ಳಗೆ, ನಸುಗೆಂಪಗೆ ಶೇಡಿ ಮಣ್ಣು. ನೋಡಲು ಚೆಂದವಿತ್ತು. ಫೋಟೋ ಕೂಡ ತೆಗೆದಿದ್ದೆ. ಆ ವರ್ಷವೂ ಬರ. ಅಬ್ಬಿ ಮಾರ್ಚಿನಲ್ಲೇ ಸಣ್ಣಗಾಯಿತು. ಮಳೆ ನೀರು ಇಂಗಿಸಿ ಅಂತ ಎಲ್ಲ ಕಡೆ ಹೇಳುತ್ತಿದ್ದರಲ್ವಾ, ಮರುವರ್ಷ ತಮ್ಮ ಬಹಳ ಆಸೆಯಿಂದ ಗುಡ್ಡದ ತುಂಬ ಇಂಗುಗುಂಡಿ ತೆಗೆಸಿದ. ಸಾಲು ಸಾಲಾಗಿ, ಮೇಲಿನಿಂದ ಕೆಳಗಿನ ತನಕ. ಕೊನೆಯ ಸಾಲು ಕಡಿದ ದರೆಯ ನೆತ್ತಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನೂ ರಜೆ ಹಾಕಿ ಬಂದು ಒಂದು ದಿನ ಗುದ್ದಲಿ ಹಿಡಿದಿದ್ದೆ.

2019ರ ಆಗಸ್ಟ್ ನಿಮಗೆ ನೆನಪಿರಬಹುದು. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಆಗಲೇ. ನಮ್ಮ ಪೇಟೆಯಲ್ಲಿ ಹೊಳೆಯ ಅಳತೆ ಅಂದರೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ. "ಮಂಟಪ ಮುಳುಗ್ತಾ?" ಅಂತ ಒಬ್ಬರಿಗೊಬ್ಬರು ಕೇಳುತ್ತಾರೆ. ಆ ವರ್ಷ ಮಂಟಪ ಮುಳುಗಿದ ಮೇಲೂ ನೀರು ಏರುತ್ತಲೇ ಇತ್ತು. ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟು ಚಿಕ್ಕದು, ಮೂರು ಟಿಎಂಸಿ ಚಿಲ್ಲರೆ. ಮೇಲಿಂದ ಬಂದದ್ದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ, ಹಾಗೇ ಕೆಳಗೆ ಬಿಡಬೇಕು. ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ಹೊಲ ತೋಟದ ಮೇಲೆ ಬಂದು ಕೂತದ್ದೂ ಅದೇ ಆಗಸ್ಟ್‌ನಲ್ಲಿ.

ನಮ್ಮ ಮನೆಯಲ್ಲಿ ಅದು ರಾತ್ರಿ ಎರಡು ಗಂಟೆಗೆ. ಮೂರು ದಿನದಿಂದ ಕರೆಂಟಿರಲಿಲ್ಲ. ಹಿಂದಿನ ಸಂಜೆ ಅಮ್ಮ ಒಂದು ವಿಷಯ ಗಮನಿಸಿದ್ದಳು. ದರೆಯ ಬುಡದಲ್ಲಿ, ಎಂದೂ ನೀರು ಬಾರದ ಕಡೆ, ಬೆರಳು ಗಾತ್ರ ನೀರು ಚಿಮ್ಮುತ್ತಿತ್ತು. ಕೆಸರು ನೀರು. "ಒರತೆ ಎದ್ದಿದೆ ನೋಡು" ಅಂತ ತಮ್ಮನಿಗೆ ಖುಷಿಯಿಂದಲೇ ಹೇಳಿದ್ದಳಂತೆ. ರಾತ್ರಿ ಕೊಟ್ಟಿಗೆಯಲ್ಲಿ ದನ ಒಂದೇ ಸಮನೆ ಕೂಗಿದವು. ಅಮ್ಮ ಟಾರ್ಚ್ ಹಿಡಿದು ಹೋಗಿ ಕಣ್ಣಿ ಬಿಚ್ಚಿ ಎರಡನ್ನೂ ಹೊರಗೆ ಅಟ್ಟಿದಳು. ಕರು ಇನ್ನೂ ಅಂಗಳದಲ್ಲಿದ್ದಾಗ ದರೆ ಬಂತು. ದೊಡ್ಡ ಸದ್ದೇನೂ ಇರಲಿಲ್ಲವಂತೆ. ಅಕ್ಕಿ ಮೂಟೆ ಬಿಚ್ಚಿ ಸುರಿದ ಹಾಗೆ ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ಕೊಟ್ಟಿಗೆಯ ಅರ್ಧ ಹೋಯಿತು. ಕಾರಿನ ಗಾಜಿನ ತನಕ ಮಣ್ಣು. ಬೆಳಿಗ್ಗೆ ನಾನು ಬಂದು ನೋಡಿದಾಗ ಆ ಮಣ್ಣು ಅಂಬಲಿಯ ಹಾಗಿತ್ತು. ಮುಟ್ಟಿದರೆ ಬೆರಳಿಗೆ ಶೇಡಿ ಮಣ್ಣಿನ ನುಣುಪು.

ಪಕ್ಕದ ಮನೆಯ ಗೌಡರು ಕೊಡೆ ಹಿಡಿದು ಬಂದು ಸುಮ್ಮನೆ ಮೇಲೆ ಕೆಳಗೆ ನೋಡಿದರು. ಆಮೇಲೆ ತಮ್ಮನಿಗೆ ಹೇಳಿದರು, "ಅಲ್ಲ ಮಾರಾಯ, ಗುಡ್ಡದ ಕಾಲು ಕಡ್ದು ತಲೆ ಮೇಲೆ ಕೊಡ ಹೊರ್ಸಿದ್ರೆ ಅದು ಹೆಂಗೆ ನಿಲ್ತದೆ?"

ತಮ್ಮ ಏನೂ ಹೇಳಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಾವು ಒಳ್ಳೆಯದೇ ಮಾಡಿದೆವು ಅಂದುಕೊಂಡಿದ್ದೆವು. ಇಂಗುಗುಂಡಿ ಕೆಟ್ಟದ್ದಲ್ಲ. ಕೆಟ್ಟದ್ದು ಅದು ಇದ್ದ ಜಾಗ. ನೆಟ್ಟಗೆ ಕಡಿದ ದರೆಯ ಮೇಲೆ ನೀರು ನಿಲ್ಲಿಸಿದರೆ ಅದು ಜಂಬಿಟ್ಟಿಗೆ ದಾಟಿ ಶೇಡಿ ಮಣ್ಣಿಗೆ ತಲುಪುತ್ತದೆ. ಶೇಡಿ ನೆನೆದು ಜಾರುತ್ತದೆ. ಮೇಲಿನ ಭಾರಕ್ಕೆ ಕೆಳಗಿನಿಂದ ಆಸರೆ ಕೊಡುತ್ತಿದ್ದ ಮಣ್ಣನ್ನು ಕಾರಿಗೋಸ್ಕರ ನಾವು ತೆಗೆದಾಗಿತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಕಡಿದ ಗುಡ್ಡ ಬಿದ್ದಾಗ, ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಕೊಚ್ಚಿಹೋದಾಗ ನಾನು ಟಿವಿ ನೋಡಲಾರದೆ ಎದ್ದು ಹೋದೆ. ಅಲ್ಲಿಯ ದುಃಖದ ಮುಂದೆ ನಮ್ಮದು ಏನೇನೂ ಅಲ್ಲ. ಆದರೆ ಆ ಮಣ್ಣಿನ ಬಣ್ಣ ನನಗೆ ಗೊತ್ತಿತ್ತು.

ಗುಡ್ಡದಲ್ಲಿ ಕೆಲಸ ಮಾಡಿಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಎಷ್ಟು ಗುಂಡಿ ತೆಗೆದಿರಿ ಅಂತ ಲೆಕ್ಕ ಬರೆದದ್ದು ಸಾಕು. ಎಲ್ಲಿ ತೆಗೆದಿರಿ ಅಂತ ಬರೆಯಿರಿ. ಇಳಿಜಾರು ಎಷ್ಟು, ಕೆಳಗೆ ಮನೆ ಇದೆಯಾ, ದರೆ ಕಡಿದಿದೆಯಾ, ಮಣ್ಣು ಎಂಥದ್ದು, ಇದನ್ನು ನೋಡದೆ ಒಂದು ಗುದ್ದಲಿಯೂ ಬೀಳಬಾರದು. ಹಾಗೇ ದರೆ ಕಡಿಯುವಾಗಲೂ. ಈಗ ನಮ್ಮ ಕಡೆ ಜೆಸಿಬಿ ಇಲ್ಲದ ಊರಿಲ್ಲ. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟರೆ ಬೆಳಗಾಗುವಷ್ಟರಲ್ಲಿ ಗುಡ್ಡದ ಆಕಾರವೇ ಬೇರೆ. ನೂರಾರು ವರ್ಷ ನೀರು ಹುಡುಕಿಕೊಂಡ ದಾರಿಯನ್ನು ಒಂದು ಮಧ್ಯಾಹ್ನ ಮುಚ್ಚಿಬಿಡುತ್ತೇವೆ.

ಹಿಂದಿನವರು ನೀರನ್ನು ಎಲ್ಲಿ ನಿಲ್ಲಿಸಬೇಕು ಅಂತ ಬಲ್ಲವರಾಗಿದ್ದರು. ಸಾಗರ ಪೇಟೆಗೆ ಆ ಹೆಸರು ಬಂದದ್ದೇ ಕೆಳದಿಯ ಅರಸರ ಕಾಲದ ಸದಾಶಿವ ಸಾಗರದಿಂದ, ಈಗ ನಾವು ಗಣಪತಿ ಕೆರೆ ಅನ್ನುವುದು ಅದನ್ನೇ. ನಮ್ಮ ತಾಲ್ಲೂಕಿನ ನಗರ ಅನ್ನುವ ಊರಿನ ಹತ್ತಿರ ದೇವಗಂಗೆಗೆ ಹೋದವರು ನೋಡಿರುತ್ತೀರಿ. ಗುಡ್ಡದ ನೀರು ಕಲ್ಲಿನ ದಾರಿಯಲ್ಲಿ ಬಂದು ಬೇರೆ ಬೇರೆ ಆಕಾರದ ಕೊಳಗಳನ್ನು ತುಂಬಿಸುತ್ತಾ ಸಾಗುತ್ತದೆ. ಕೊಳಕ್ಕೆ ಬರುವ ದಾರಿಯಷ್ಟೇ ಶ್ರದ್ಧೆಯಿಂದ ಹೊರಗೆ ಹೋಗುವ ದಾರಿಯನ್ನೂ ಕಟ್ಟಿದ್ದಾರೆ. ನನಗೆ ಅಲ್ಲಿ ಇಷ್ಟವಾಗುವುದು ಇದೇ. ಅಲ್ಲಿಗೆ ಪ್ರತಿ ಸಲ ಹೋದಾಗಲೂ ನಾನು ನೀರು ಹೊರಬೀಳುವ ಆ ಮೂಲೆಯಲ್ಲಿ ಕೂರುತ್ತೇನೆ.

ದೊಡ್ಡ ಅಣೆಕಟ್ಟುಗಳ ಮಾತು ಬೇರೆ. 1964ರ ಲಿಂಗನಮಕ್ಕಿಯಲ್ಲಿ ಶರಾವತಿ ಕಣಿವೆಯ ಊರುಗಳು ಮುಳುಗಿದವು, 1948ರ ಹಿರೇಭಾಸ್ಕರ ಅಣೆಕಟ್ಟು ಸಹ ಮುಳುಗಿತು. ನೀರು ತೀರ ತಗ್ಗಿದ ಬೇಸಿಗೆಯಲ್ಲಿ ಅದು ಈಗಲೂ ಮೇಲೆದ್ದು ಕಾಣಿಸುತ್ತದೆ, ಜನ ನೋಡಲು ಹೋಗುತ್ತಾರೆ. ಆ ಹಿನ್ನೀರಿನ ದಡದ ಊರುಗಳಲ್ಲೇ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಟ. ಕಣ್ಣೆದುರು ಕಡಲಿನಷ್ಟು ನೀರು, ಮನೆಯಲ್ಲಿ ಖಾಲಿ ಕೊಡ. ಹೀಗಿರುವಾಗ 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಬೀದಿಗೆ ಇಳಿಯಿತು. ನಾನೂ ಹೋಗಿದ್ದೆ. ಬೆಂಗಳೂರಿನವರ ಬಾಯಾರಿಕೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ನಮ್ಮಲ್ಲಿ ನೀರು ಉಕ್ಕಿ ಹರಿಯುತ್ತಿದೆ ಅನ್ನುವ ಲೆಕ್ಕ ಜುಲೈನದ್ದು. ಏಪ್ರಿಲ್‌ನಲ್ಲಿ ಬಂದು ನೋಡಲಿ.

ದರೆ ಬಿದ್ದ ಮೇಲೆ ಮತ್ತು ಅಬ್ಬಿ ನಿಂತ ಮೇಲೆ ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಮೊದಲು ದರೆಯ ಮೇಲಿನ ಎರಡು ಸಾಲು ಇಂಗುಗುಂಡಿ ಮುಚ್ಚಿದೆವು. ಅಲ್ಲಿ ಒಂದು ಬಸಿಗಾಲುವೆ ಮಾಡಿ, ಕಲ್ಲು ಕಟ್ಟಿ, ನೀರನ್ನು ಪಕ್ಕದ ಹಳ್ಳದ ಕಡೆ ತಿರುಗಿಸಿದೆವು. ದರೆಯನ್ನು ಇಳಿಜಾರಾಗಿ ಮೆಟ್ಟಿಲು ಮೆಟ್ಟಿಲು ಮಾಡಿದೆವು, ಅಂಗಳ ಮತ್ತೆ ಕಿರಿದಾಯಿತು, ಕಾರು ಈಗ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಮೆಟ್ಟಿಲ ಅಂಚಿಗೆ ಲಾವಂಚ ನೆಟ್ಟೆವು. ಬುಡದಲ್ಲಿ ಕಲ್ಲಿನ ಕಟ್ಟೆ, ನೀರು ಬಸಿದು ಹೋಗಲು ನಡು ನಡುವೆ ಪೈಪಿನ ತುಂಡು. ಮಾಡಿನ ನೀರು ಮರಳು, ಜಲ್ಲಿ, ಇದ್ದಿಲು ತುಂಬಿದ ತೊಟ್ಟಿ ದಾಟಿ ಅಂಗಳದ ಮುಂದಿನ ಬಾವಿಗೆ ಹೋಗುತ್ತದೆ. ಬಾವಿ ಇರುವುದು ದರೆಯ ಕಡೆಯಲ್ಲ, ತೋಟದ ಕಡೆ. ಇಷ್ಟಕ್ಕೆ ಮೂರು ಮಳೆಗಾಲ ಹಿಡಿಯಿತು.

ಅಬ್ಬಿಯ ಕೆಲಸಕ್ಕೆ ಇನ್ನೂ ಮೇಲೆ ಹೋಗಬೇಕಿತ್ತು. ಕಾನು ಮತ್ತು ಬ್ಯಾಣ ಸೇರುವ ಕಡೆ ಒಂದು ತಗ್ಗಿದೆ. ಇಳಿಜಾರು ಇಲ್ಲವೇ ಇಲ್ಲ ಅನ್ನಬಹುದು, ಸುತ್ತ ಬಂಡೆ. ಅಲ್ಲೊಂದು ಹಳೇ ಕೆರೆ ಇತ್ತು ಅಂತ ಗೌಡರಿಗೆ ನೆನಪು. ನಾನು ನೋಡುವಾಗ ಅದು ಲಂಟಾನ ಬೆಳೆದ ಹೊಂಡ. 2024ರ ಮೇ ತಿಂಗಳಲ್ಲಿ ಐದು ಮನೆಯವರು ಸೇರಿ ಹೂಳು ತೆಗೆದೆವು. ಮೇಲ್ಪದರ ಕೈಯಲ್ಲೇ ಎತ್ತಿದೆವು. ಎರಡಾಳುದ್ದ ಇಳಿದ ಮೇಲೆ ಹಳೇ ಕಲ್ಲಿನ ಕಟ್ಟಣೆ ಸಿಕ್ಕಿತು. ಮೂಲೆಯಲ್ಲಿ ಒಂದು ಕೋಡಿ, ಅದರ ಬಾಯಿಗೆ ಸವೆದ ಚಪ್ಪಡಿ. ಗೌಡರು ಆ ಚಪ್ಪಡಿ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತರು. ಅವರ ಅಜ್ಜಯ್ಯ ಪ್ರತಿ ವರ್ಷ ಕೋಡಿ ಬಿಡಿಸಲು ಹೋಗುತ್ತಿದ್ದರಂತೆ. ಆ ಕೆಲಸ ಯಾವಾಗ ನಿಂತಿತು, ಯಾಕೆ ನಿಂತಿತು ಅಂತ ಅವರಿಗೂ ಗೊತ್ತಿಲ್ಲ. ಅಕೇಶಿಯಾವನ್ನು ಒಟ್ಟಿಗೆ ಕಡಿಯಲಿಲ್ಲ, ಕಡಿದರೆ ನೆಲ ಮತ್ತೆ ಬೋಳಾಗುತ್ತದೆ. ಸಾಲು ಬಿಟ್ಟು ಸಾಲು ತೆಗೆದು, ಅದರ ನೆರಳಲ್ಲೇ ಹುಟ್ಟಿದ ನೇರಳೆ, ಮತ್ತಿ, ಹೊನ್ನೆ ಸಸಿಗಳನ್ನು ಉಳಿಸಿಕೊಳ್ಳುತ್ತಿದ್ದೇವೆ. ದನ ಹೋಗದ ಹಾಗೆ ಅಗಳ ತೋಡಿದ್ದೇವೆ. ದರಕು ಗುಡಿಸಿ ತರುವುದನ್ನು ಅರ್ಧಕ್ಕೆ ಇಳಿಸಿದ್ದೇವೆ. ಇದಕ್ಕೆ ಅಮ್ಮನ ಒಪ್ಪಿಗೆ ಸುಲಭಕ್ಕೆ ಸಿಗಲಿಲ್ಲ. ಕೊಟ್ಟಿಗೆಗೆ ಹಾಸಲು ಏನು ಮಾಡಲಿ ಅನ್ನುವುದು ಅವಳ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಈಗ ಅಡಿಕೆ ಸೋಗೆ ಕತ್ತರಿಸಿ ಹಾಕುತ್ತಾಳೆ.

ಇನ್ನು ಮಳೆಗಾಲದ ರಾತ್ರಿಗಳ ವಿಷಯ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಸರ್ಕಾರ ಶುರುಮಾಡಿದ ಒಂದು ಘಟಕ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬರವನ್ನು ಅಳೆಯುವವರೇ ನೆರೆಯನ್ನೂ ಅಳೆಯುತ್ತಾರೆ ಅನ್ನುವುದು ನನಗೆ ತುಂಬ ಸರಿ ಅನಿಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅವರ ಮಳೆಮಾಪಕಗಳಿವೆ. ರೆಡ್ ಅಲರ್ಟ್ ಅಂದರೆ ಏನು ಅಂತ ಅಮ್ಮನಿಗೆ ಈಗ ಗೊತ್ತು. ಇಪ್ಪತ್ತನಾಲ್ಕು ಗಂಟೆಯಲ್ಲಿ 204 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ. ನಮ್ಮ ಕಡೆ ಪುನರ್ವಸು, ಪುಷ್ಯದಲ್ಲಿ ಅದು ಅಪರೂಪವಲ್ಲ. ಅದಕ್ಕೇ ಬರೀ ಮಳೆ ನೋಡಿ ಹೆದರುವುದು ನಮಗೆ ಅಭ್ಯಾಸವಿಲ್ಲ. ಅಮ್ಮ ಈಗ ಬೇರೆ ವಿಷಯ ನೋಡುತ್ತಾಳೆ. ಬಾವಿಯ ನೀರು ಇದ್ದಕ್ಕಿದ್ದಂತೆ ಕೆಂಪಾಯಿತಾ? ಹರಿಯುತ್ತಿದ್ದ ಅಬ್ಬಿ ಸಡನ್ನಾಗಿ ನಿಂತಿತಾ, ಇಲ್ಲದ ಕಡೆ ಹೊಸ ಒರತೆ ಎದ್ದಿತಾ? ನೆಟ್ಟಗಿದ್ದ ಮರ ವಾಲಿತಾ? ಹಿಂದಿನ ಬಾಗಿಲು ಹಾಕಲು ಬಾರದ ಹಾಗೆ ಬಿಗಿಯಾಯಿತಾ?

ಇದರಲ್ಲಿ ಒಂದು ಕಂಡರೂ ತೋಟದ ಆಚೆ ದಿಬ್ಬದ ಮೇಲಿರುವ ದೊಡ್ಡಪ್ಪನ ಮನೆಗೆ ಹೋಗುವುದು ಅಂತ ನಿರ್ಧಾರವಾಗಿದೆ. ಹೇಳುವುದು ಸುಲಭ. ಮಳೆಯಲ್ಲಿ ಮನೆ ಬಿಟ್ಟು ಬನ್ನಿ ಅಂದರೆ ಬರುವವರು ಯಾರು? ಕಾಳಜಿ ಕೇಂದ್ರ ತೆರೆದಿದ್ದೇವೆ ಅನ್ನುತ್ತಾರೆ, ಅಲ್ಲಿ ದನಕ್ಕೆ ಜಾಗವಿಲ್ಲ. ದನ ಬಿಟ್ಟು ಅಮ್ಮ ಎಲ್ಲಿಗೂ ಹೋಗುವವಳಲ್ಲ. ಹಾಗಾಗಿ ದೊಡ್ಡಪ್ಪನ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಎರಡು ಗೂಟ, ಒಂದಷ್ಟು ಹುಲ್ಲು ಮೇ ತಿಂಗಳಲ್ಲೇ ಇಟ್ಟಿರುತ್ತೇವೆ. ಟಾರ್ಚು, ಮಾತ್ರೆ, ಜಮೀನಿನ ಕಾಗದ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಬಾಗಿಲ ಪಕ್ಕ ಇರುತ್ತವೆ. 2019ರಲ್ಲಿ ದನ ಕೂಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅವುಗಳಿಗೆ ಗೂಟ ಇಲ್ಲದ ಯೋಜನೆ ನಮ್ಮ ಮನೆಗೆ ಯೋಜನೆಯೇ ಅಲ್ಲ.

2025ರ ಏಪ್ರಿಲ್‌ನಲ್ಲಿ ಅಬ್ಬಿ ದಾರದಷ್ಟು ಸಣ್ಣಗಾಯಿತು, ನಿಲ್ಲಲಿಲ್ಲ. ಇದು ಕೆರೆಯಿಂದ ಆಯಿತು ಅಂತ ನಾನು ಹೇಳಲಾರೆ. 2024ರಲ್ಲಿ ಮಳೆ ಚೆನ್ನಾಗಿತ್ತು, ಲಿಂಗನಮಕ್ಕಿಯೂ ತುಂಬಿತ್ತು. ಇನ್ನೊಂದು ಬರ ಬಂದಾಗಲೇ ನಮ್ಮ ಕೆಲಸದ ಪರೀಕ್ಷೆ. ಆದರೆ ಪೈಪಿನ ತುದಿಯ ನಲ್ಲಿಯನ್ನು ತಮ್ಮ ಬಿಚ್ಚಿ ಹಾಕಿದ್ದಾನೆ. ಹೆಚ್ಚಾದ ನೀರು ಮರಿಗೆ ತುಂಬಿ, ತೋಟದ ಕೆರೆಗೆ ಹೋಗುತ್ತದೆ. ಸದ್ದು ಮತ್ತೆ ಕೇಳುತ್ತದೆ, ಸಣ್ಣಗಾದರೆ ತಕ್ಷಣ ತಿಳಿಯುತ್ತದೆ.

ದರೆಯ ಮೇಲೆ, ಬ್ಯಾಣದ ಅಂಚಿನಲ್ಲಿ ಕೂದಲೆಳೆಯ ಒಂದು ಬಿರುಕಿದೆ. ಕುಸಿತದ ಮರುವರ್ಷ ಕಂಡದ್ದು. ತಮ್ಮ ಅದರ ಎರಡೂ ಪಕ್ಕ ಒಂದೊಂದು ಗೂಟ ಹೊಡೆದು, ನೆತ್ತಿಗೆ ಮೊಳೆ ಬಡಿದಿದ್ದಾನೆ. ಮಳೆಗಾಲ ಶುರುವಾದರೆ ಪ್ರತಿ ದಿನ ಸಂಜೆ ಹತ್ತಿ ಹೋಗಿ ಟೇಪ್ ಹಿಡಿದು ಮೊಳೆಯಿಂದ ಮೊಳೆಗೆ ಅಳೆಯುತ್ತಾನೆ, ಅಪ್ಪಯ್ಯ ಮಳೆ ಲೆಕ್ಕ ಬರೆಯುತ್ತಿದ್ದ ಹಳೇ ಡೈರಿಯಲ್ಲಿ ಬರೆದಿಡುತ್ತಾನೆ. ಆರಿದ್ರಾ ಮಳೆಯಿಂದ ಹಿಡಿದು ಆಶ್ಲೇಷ ಮುಗಿಯುವ ತನಕ ರಾತ್ರಿ ಎಂಟು ಗಂಟೆಗೆ ನಾನು ಫೋನ್ ಮಾಡುತ್ತೇನೆ. ನೆಟ್‌ವರ್ಕ್ ಸಿಕ್ಕ ದಿನ ಸಿಗುತ್ತದೆ.

"ಗೂಟ ನೋಡಿದ್ಯಾ?"

"ನೋಡ್ದೆ ಅಕ್ಕಾ. ನಿನ್ನೆಯಷ್ಟೇ ಇದೆ."

"ಅಬ್ಬಿ?"

ಅವನು ಮಾತಾಡುವುದಿಲ್ಲ. ಫೋನನ್ನು ಹಿತ್ತಿಲ ಬಾಗಿಲಿಂದ ಹೊರಗೆ ಹಿಡಿಯುತ್ತಾನೆ.